ಕ್ರಾಕೋವ್‌ನ ಬಾರ್ ಮ್ಲೆಚ್ನಿ: ಖಾನಾವಳಿ ಊಟದವರಿಗೆ ಏನೇನು ಸಿಗುತ್ತದೆ

ಪೋಲೆಂಡಿನ ರೈಲು ಪ್ರವಾಸದಲ್ಲಿ ನಾಲ್ಕು ದಿನ ತಣ್ಣಗಿನ ಸ್ಯಾಂಡ್‌ವಿಚ್ ತಿಂದು, ಒಂದು ದಿನ ಆರಾಮ ಮಾಡೋಣವೆಂದು ಕ್ರಾಕೋವ್‌ನಲ್ಲಿ ಇಳಿಯುವ ಕಲಬುರಗಿ ಕಡೆಯ ಶಾಕಾಹಾರಿಗಳು ಮಧ್ಯಾಹ್ನ ಹೋಗಬೇಕಾದದ್ದು ‘ಬಾರ್ ಮ್ಲೆಚ್ನಿ’ಗೆ. ಬಾರ್ ಎಂಬ ಹೆಸರಿಗೆ ಹೆದರಬೇಡಿ. ಇದು ಹೆಚ್ಚಾಗಿ ಹಾಲು, ಹಿಟ್ಟು, ತರಕಾರಿ ಊಟದ ಖಾನಾವಳಿ. ಇಂಥ ಮೊದಲ ಅಂಗಡಿ ವಾರ್ಸಾದಲ್ಲಿ 1896ರಲ್ಲಿ ಶುರುವಾಯಿತು. ಮಾಂಸವಿಲ್ಲದ ಅಡುಗೆಗೆ ಸರ್ಕಾರದ ಸಬ್ಸಿಡಿ ಇರುವುದರಿಂದ ಊಟ ಅಗ್ಗ.

ಮುಖ್ಯ ನಿಲ್ದಾಣದಿಂದ ಪ್ಲಾಂಟಿ ಉದ್ಯಾನ ದಾಟಿ ಹಳೆ ಊರಿನ ದೊಡ್ಡ ಚೌಕಕ್ಕೆ ಹದಿನೈದು ನಿಮಿಷದ ನಡಿಗೆ. ಅಲ್ಲಿಂದ ವಾವೆಲ್ ಕೋಟೆಯತ್ತ ಹೋಗುವ ಗ್ರೊಜ್ಕಾ ಬೀದಿಯಲ್ಲಿ ‘ಪೊಡ್ ತೆಮಿಡೊಂ’ ಎಂಬ ಹೆಸರಾದ ಬಾರ್ ಮ್ಲೆಚ್ನಿ ಇದೆ.

ಒಳಗೆ ಯಾರೂ ಬಂದು ‘ಏನು ಬೇಕು’ ಎಂದು ಕೇಳುವುದಿಲ್ಲ. ಗೋಡೆಯ ಫಲಕ ಓದಿ, ಗಲ್ಲಾದಲ್ಲಿ ಹೇಳಿ, ಹಣ ಕೊಟ್ಟು ಚೀಟಿ ತೆಗೆದುಕೊಂಡು, ಅಡುಗೆಮನೆಯ ಕಿಟಕಿಯಿಂದ ತಟ್ಟೆ ನೀವೇ ತರಬೇಕು. ಉಂಡಮೇಲೆ ತಟ್ಟೆಯನ್ನು ಎಂಜಲು ಪಾತ್ರೆಯ ಕಿಟಕಿಗೆ ನೀವೇ ಒಯ್ದು ಇಡಬೇಕು. ಫಲಕ ಬಹುತೇಕ ಪೋಲಿಷ್‌ನಲ್ಲೇ ಇರುತ್ತದೆ, ಆದ್ದರಿಂದ ಬೇಕಾದ ಪದಾರ್ಥಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸುವುದೇ ಸುಲಭ. ಸ್ವಲ್ಪ ನಗದು ಝ್ಲೋಟಿಯೂ ಜೇಬಿನಲ್ಲಿರಲಿ.

ಎಲ್ಲರೂ ಹೊಗಳುವುದು ‘ಪ್ಯೆರೋಗಿ ರುಸ್ಕ್ಯೆ’. ಕರಚಿಕಾಯಿ ಆಕಾರದ, ನೀರಿನಲ್ಲಿ ಕುದಿಸಿದ ಕಡುಬು. ಒಳಗೆ ಆಲೂಗಡ್ಡೆ, ಪನೀರಿನಂಥ ಹಸಿ ಗಿಣ್ಣು, ಹುರಿದ ಉಳ್ಳಾಗಡ್ಡಿ. ಒಳಗಿನದು ಶುದ್ಧ ಶಾಕಾಹಾರ, ಮೋಸ ಮೇಲಿನದರಲ್ಲಿದೆ. ಬಡಿಸುವಾಗ ಮೇಲೆ ‘ಸ್ಕ್ವಾರ್ಕಿ’ ಸುರಿಯುವ ರೂಢಿಯಿದೆ: ಹಂದಿ ಕೊಬ್ಬನ್ನು ಹುರಿದ ಸಣ್ಣ ಕಂದು ಚೂರುಗಳು. ಕೆಂಪಗೆ ಹುರಿದ ಉಳ್ಳಾಗಡ್ಡಿಯ ಜೊತೆ ಬೆರೆತಾಗ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತಟ್ಟೆ ಆರಿದಮೇಲೆ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ ಜಿಡ್ಡು ಕಂಡಾಗ ತಿಳಿಯುತ್ತದೆ, ಅಷ್ಟೊತ್ತಿಗೆ ತಿಂದು ಮುಗಿದಿರುತ್ತದೆ. ಗಲ್ಲಾದಲ್ಲೇ ‘ಬೆಸ್ ಸ್ಕ್ವಾರೆಕ್’ ಎನ್ನಿ, ಅಂದರೆ ಸ್ಕ್ವಾರ್ಕಿ ಬೇಡ. ‘ಜ್ ಮಾಸ್ವೆಮ್’ ಎಂದರೆ ಬೆಣ್ಣೆ ಹಾಕಿ ಕೊಡುತ್ತಾರೆ.

ಮೊಟ್ಟೆ ಮುಟ್ಟದವರು ‘ನಲೆಶ್ನಿಕಿ’ (ತೆಳು ದೋಸೆ), ‘ಪ್ಲಾಟ್ಸ್ಕಿ’ (ಆಲೂಗಡ್ಡೆ ದೋಸೆ) ಎರಡನ್ನೂ ಬಿಡಬೇಕು, ಎರಡರ ಹಿಟ್ಟಿನಲ್ಲೂ ಮೊಟ್ಟೆಯಿದೆ. ಪ್ಯೆರೋಗಿ ಹಿಟ್ಟಿಗೂ ಕೆಲವರು ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. ‘ಫಸೊಲ್ಕಾ ಪೊ ಬ್ರೆತೊಂಸ್ಕು’ ನೋಡಲು ಕಾಳಿನ ಪಲ್ಯದಂತೆಯೇ ಇದ್ದರೂ ಅದರಲ್ಲಿ ಸಾಸೇಜ್ ತುಂಡು ಇರುತ್ತದೆ. ಸಾರುಗಳನ್ನು ಎಲುಬು ಕುದಿಸಿದ ನೀರಿನಲ್ಲಿ ಮಾಡುವುದೇ ಹೆಚ್ಚು.

ನಮ್ಮ ಆಯ್ಕೆ ಬೇರೆಯೇ. ‘ಜೆಮ್ನ್ಯಾಕಿ ಸ್ ಕೊಪೆರ್ಕ್ಯೆಮ್’ ಎಂದರೆ ಬೇಯಿಸಿದ ಆಲೂಗಡ್ಡೆಯ ಮೇಲೆ ಹಸಿ ಸಬ್ಬಸಗಿ ಉದುರಿಸಿದ್ದು. ಅದರ ಜೊತೆ ಒಂದು ಲೋಟ ‘ಶ್ಯಾದ್ವೆ ಮ್ಲೆಕೊ’, ಹೆಪ್ಪಾದ ಹುಳಿ ಹಾಲು. ಅದು ಇಲ್ಲದಿದ್ದರೆ ಮಜ್ಜಿಗೆಯಂಥ ಹುಳಿ ಹಾಲು ಕೆಫಿರ್. ಬೇಸಿಗೆಯಲ್ಲಿ ಪೋಲಿಷ್ ಮನೆಗಳಲ್ಲಿ ಉಣ್ಣುವುದೂ ಇದನ್ನೇ. ಸಬ್ಬಸಗಿ ಪಲ್ಯ, ಮೊಸರು ತಿಂದು ಬೆಳೆದ ಬಾಯಿಗೆ ಇದಕ್ಕಿಂತ ಹತ್ತಿರದ ರುಚಿ ಆ ಊರಲ್ಲಿ ಸಿಗಲಾರದು. ಕೊರತೆ ಖಾರದ್ದು ಮಾತ್ರ. ಅಲ್ಲಿ ಉಪ್ಪು, ಕರಿಮೆಣಸಿನ ಪುಡಿ ಬಿಟ್ಟು ಇನ್ನೇನನ್ನೂ ನಂಬುವಂತಿಲ್ಲ, ಶೇಂಗಾ ಹಿಂಡಿ ಊರಿಂದಲೇ ಒಯ್ಯಿರಿ. ತುಪ್ಪ, ಪೇಢೆ ಮಾತ್ರ ಬೇಡ: ಹೊರದೇಶದ ಹಾಲಿನ ಪದಾರ್ಥಗಳನ್ನು ಪ್ರವಾಸಿಗರು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ಹನ್ನೆರಡರೊಳಗೆ ಹೋಗಿ. ಒಂದರ ನಂತರ ಸಾಲು ಬೆಳೆಯುತ್ತದೆ, ಬೇಡಿಕೆಯ ಪದಾರ್ಥಗಳು ಖಾಲಿಯಾಗುತ್ತವೆ. ವಿಶ್ರಾಂತಿಯ ದಿನ ಭಾನುವಾರ ಬೀಳದಂತೆ ಟಿಕೆಟ್ ಹೊಂದಿಸಿ: 2018ರಿಂದ ಭಾನುವಾರದ ವ್ಯಾಪಾರಕ್ಕೆ ನಿರ್ಬಂಧವಿದ್ದು, ದೊಡ್ಡ ಅಂಗಡಿಗಳು ಬಹುತೇಕ ಭಾನುವಾರ ಮುಚ್ಚಿರುತ್ತವೆ. ಶನಿವಾರವೇ ಒಂದು ಪೊಟ್ಟಣ ‘ತ್ವಾರುಗ್’ ಗಿಣ್ಣು, ಒಂದು ಬಾಟಲಿ ಕೆಫಿರ್ ಕೊಂಡಿಟ್ಟರೆ, ಮರುದಿನ ರೈಲಿನಲ್ಲಿ ಕಡಕ್ ರೊಟ್ಟಿ ಮುರಿದು, ಗಿಣ್ಣಿಗೆ ಹಿಂಡಿ ಕಲಸಿ ಉಣ್ಣಬಹುದು.