ಮಾಯಾಬಜಾರ್: ಕಪ್ಪು ಬಿಳುಪಿನ ಪ್ರತಿಯೋ, ಬಣ್ಣದ ಪ್ರತಿಯೋ?

ಕೆ.ವಿ. ರೆಡ್ಡಿಯವರ ‘ಮಾಯಾಬಜಾರ್’ ತೆಲುಗು ಚಿತ್ರವನ್ನು ಮನೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಬೇಕೆನ್ನುವವರು 1957ರ ಕಪ್ಪು ಬಿಳುಪಿನ ಪ್ರತಿಯನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 2010ರಲ್ಲಿ ತೆರೆಕಂಡ ಬಣ್ಣದ ಪ್ರತಿಯ ಡಿವಿಡಿಯನ್ನು ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ಕೊಂಡು ತಂದು, ಹಳೆಯ ಪ್ರತಿಯೊಂದಿಗೆ ದೃಶ್ಯಕ್ಕೆ ದೃಶ್ಯ ಹೋಲಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಥೆಯಾಗಲಿ ತಾರಾಗಣವಾಗಲಿ ನಮ್ಮ ಕಡೆಯವರಿಗೆ ಹೊಸದಲ್ಲ. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಈ ಊರಿನಲ್ಲಿ ಮನೆಮಾತು ಕನ್ನಡವಾದವರಿಗೂ ತೆಲುಗು ಸಿನಿಮಾ ನೋಡುವುದು ಅಭ್ಯಾಸವಾಗಿಬಿಟ್ಟಿದೆ.

ಬಣ್ಣದ ಪ್ರತಿಯಲ್ಲಿ ನನಗೆ ನುಂಗಲಾರದ ತುತ್ತಾಗಿರುವುದು ಅದಕ್ಕೆ ಬಿದ್ದಿರುವ ಕತ್ತರಿ. ಮೂರು ಗಂಟೆಯ ಚಿತ್ರ ಇಂದಿನ ಪ್ರೇಕ್ಷಕರಿಗೆ ಉದ್ದವಾಯಿತೆಂದೋ ಏನೋ, ಕೆಲವು ಹಾಡುಗಳನ್ನೂ ಹಲವು ಪದ್ಯಗಳನ್ನೂ ತೆಗೆದುಹಾಕಲಾಗಿದೆ. ಹಾಡು ಹೋದರೆ ಹೇಗೋ ಸಹಿಸಿಕೊಳ್ಳಬಹುದು, ಪದ್ಯ ಹೋದರೆ ಚಿತ್ರದ ನಡಿಗೆಯೇ ಕೆಡುತ್ತದೆ.

ಹೆಸರಾಂತ ರಂಗನಟ ಬಳ್ಳಾರಿ ರಾಘವರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕವಾಡುವಾಗ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕೂತಿರುತ್ತಾರೆ. ಪಾತ್ರಧಾರಿಯ ಮಾತು ಏರುತ್ತ ಏರುತ್ತ ಇನ್ನು ಮಾತಿಗೆ ನಿಲುಕದು ಎನ್ನುವಲ್ಲಿಗೆ ಬಂದಾಗ ಪದ್ಯ ಹೊರಡುತ್ತದೆ, ಕೊನೆಯ ಸಾಲಿನ ರಾಗ ಮುಗಿಯುವ ಮೊದಲೇ ಮುಂದೆ ಕೂತವರು ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಪಿಂಗಳಿ ನಾಗೇಂದ್ರರಾವ್ ಅವರ ಸಂಭಾಷಣೆ ಕಟ್ಟಿರುವುದೂ ಇದೇ ಲಯದಲ್ಲಿ. ಪಾತ್ರದ ಸಿಟ್ಟೋ ಹೆಮ್ಮೆಯೋ ಪದ್ಯದಲ್ಲಿ ತುದಿ ಮುಟ್ಟಿ, ಆಮೇಲೆ ಕಥೆ ಮುಂದೆ ಸಾಗುತ್ತದೆ. ಆ ಪದ್ಯವನ್ನೇ ತೆಗೆದುಬಿಟ್ಟರೆ ಏರಿದ ಮಾತು ಅರ್ಧದಲ್ಲೇ ನಿಂತು, ಇನ್ನೊಂದು ದೃಶ್ಯ ಧುತ್ತೆಂದು ಬಂದು ಕೂರುತ್ತದೆ. ನಮ್ಮ ಮನೆಯಲ್ಲಿ ಬಣ್ಣದ ಪ್ರತಿಯನ್ನು ಹಾಕಿದಾಗ, ಗಾಯಕ ಘಂಟಸಾಲರ ಪದ್ಯಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿರುವ ನಮ್ಮ ದೊಡ್ಡಪ್ಪ ಒಂದು ಕಡೆ ತಾವೇ ಪದ್ಯಕ್ಕೆ ದನಿ ತೆಗೆದು, ತೆರೆಯ ಮೇಲೆ ಬೇರೆಯೇ ದೃಶ್ಯ ಬಂದದ್ದನ್ನು ಕಂಡು, “ಯಾಕಪ್ಪಾ, ಪದ್ಯ ಎಲ್ಲಿ ಹೋತು?” ಎಂದು ಕೇಳಿದರು. ಅವರಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಇನ್ನು ಬಣ್ಣದ ವಿಷಯ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಈ ಚಿತ್ರದ ಮಾಯೆಯನ್ನೆಲ್ಲ ಕಟ್ಟಿದ್ದು ಬೆಳಕು ನೆರಳಿನಿಂದ. ‘ಲಾಹಿರಿ ಲಾಹಿರಿ’ ಹಾಡಿನಲ್ಲಿ ಅಭಿಮನ್ಯು ಶಶಿರೇಖೆಯರ ದೋಣಿ ಸಾಗುವಾಗ ನೀರಿನ ಸಣ್ಣ ಸಣ್ಣ ಅಲೆಗಳ ತುದಿ ಮಾತ್ರ ಮಿನುಗಿ, ಉಳಿದ ನೀರು ಕಪ್ಪಾಗಿಯೇ ಇರುತ್ತದೆ. ಆ ಕಪ್ಪಿನಿಂದಲೇ ಬೆಳದಿಂಗಳು ಬೆಳದಿಂಗಳಾಗಿ ಕಾಣುತ್ತದೆ. ಬಣ್ಣದ ಪ್ರತಿಯಲ್ಲಿ ನೀಲಿ ಎಲ್ಲ ಕಡೆ ಸಮನಾಗಿ ಹರಡಿಕೊಂಡು ಆ ಮಿನುಗು ಮಂಕಾಗಿದೆ. ದ್ವಾರಕೆಯ ನೋಟಕ್ಕೂ ಇದೇ ಮಾತು ಸಲ್ಲುತ್ತದೆ. 50 ಅಡಿಗೆ 60 ಅಡಿಯ ಜಾಗದಲ್ಲಿ 300ಕ್ಕೂ ಹೆಚ್ಚು ಪುಟ್ಟ ಮನೆಗಳನ್ನಿಟ್ಟು ಕಲಾ ನಿರ್ದೇಶಕರಾದ ಗೋಖಲೆ ಮತ್ತು ಕಲಾಧರ್ ಇಡೀ ನಗರವನ್ನೇ ನಿಲ್ಲಿಸಿದ್ದರು. ಕಪ್ಪು ಬಿಳುಪಿನಲ್ಲಿ ದೂರದ ಮನೆಗಳು ನೆರಳಿನಲ್ಲಿ ಕರಗಿ, ಊರು ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದಿದೆ ಎನ್ನಿಸುತ್ತದೆ. ಬಣ್ಣ ಬಳಿದಾಗ ಹತ್ತಿರದ್ದೂ ದೂರದ್ದೂ ಒಂದೇ ಆಗಿ, ಅದು ಮಾದರಿ ಊರೆಂಬುದು ಗೊತ್ತಾಗಿಬಿಡುತ್ತದೆ.

ಧ್ವನಿ ಬಣ್ಣದ ಪ್ರತಿಯಲ್ಲಿ ಹೆಚ್ಚು ಶುಭ್ರವಾಗಿದೆ. ಆದರೆ ನಮ್ಮ ಮನೆಯ ಟಿವಿಯ ಸ್ಪೀಕರಿನಲ್ಲಿ ಆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಅದಕ್ಕೆಂದು ಬೇರೆ ಸ್ಪೀಕರ್ ಕೊಳ್ಳುವಷ್ಟು ಹಣವನ್ನು ನಾನು ಎತ್ತಿಡಲಾರೆ.

ಶಶಿರೇಖೆಯ ವೇಷದಲ್ಲಿರುವ ಘಟೋತ್ಕಚನಾಗಿ ಸಾವಿತ್ರಿಯವರ ಅಭಿನಯಕ್ಕೆ ಯಾವ ಪ್ರತಿಯಲ್ಲೂ ಕುಂದಿಲ್ಲ.

ಬಣ್ಣ ನಿಜವಾಗಿ ಗೆಲ್ಲುವುದು ಊಟದ ದೃಶ್ಯದಲ್ಲಿ. ಕನ್ನಡದವರೆಲ್ಲ ‘ವಿವಾಹ ಭೋಜನವಿದು’ ಎಂದು ಹಾಡಿಕೊಳ್ಳುವ ಹಾಡಿನಲ್ಲಿ ಎಸ್.ವಿ. ರಂಗರಾವ್ ಅವರ ಎದುರು ಸಾಲಾಗಿಟ್ಟ ಭಕ್ಷ್ಯಗಳು ಬಣ್ಣದಲ್ಲಿ ಬಾಯಲ್ಲಿ ನೀರೂರಿಸುತ್ತವೆ. ಲಡ್ಡುಗಳು ತಾವಾಗಿಯೇ ಹಾರಿ ಘಟೋತ್ಕಚನ ಬಾಯಿ ಸೇರುವುದನ್ನು ತಮ್ಮನ ಮಕ್ಕಳು ಬಣ್ಣದಲ್ಲಿ ನೋಡಿಯೇ ಈ ಚಿತ್ರಕ್ಕೆ ಒಲಿದರು. ಅದಕ್ಕೂ ಮೊದಲು ಕಪ್ಪು ಬಿಳುಪಿನ ಚಿತ್ರವೆಂದರೆ ಅವರು ಎದ್ದು ಹೋಗುತ್ತಿದ್ದರು. ಆದ್ದರಿಂದ ಸಣ್ಣ ಮಕ್ಕಳಿರುವ ಮನೆಯವರಿಗೆ ಬಣ್ಣದ ಪ್ರತಿಯನ್ನು ಬೇಡವೆನ್ನಲಾರೆ. ಮೊದಲ ಸಲ ಅದನ್ನು ತೋರಿಸಿ, ರುಚಿ ಹತ್ತಿದ ಮೇಲೆ ಹಳೆಯದಕ್ಕೆ ಕರೆತರಬಹುದು. ಎರಡಕ್ಕೂ ದುಡ್ಡು ಹಾಕಲಾಗದವರು ಹಳೆಯದನ್ನೇ ಕೊಳ್ಳಲಿ.

ಕಪ್ಪು ಬಿಳುಪಿನ ಪ್ರತಿಯನ್ನು ಹಾಕುವಾಗ ಒಂದು ಕೆಲಸವನ್ನು ಮಾತ್ರ ಮರೆಯಬಾರದು. ಇಂದಿನ ಟಿವಿಗಳ ಪರದೆ ಅಗಲವಾಗಿರುವುದರಿಂದ ಚಿತ್ರವನ್ನು ಪರದೆ ತುಂಬ ಹಿಗ್ಗಿಸುವ ಸೆಟ್ಟಿಂಗ್ ಇದ್ದರೆ ದುಂಡು ಚಂದ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತಾನೆ, ಕೃಷ್ಣನಾದ ಎನ್‌ಟಿಆರ್ ಅವರ ಮುಖವೂ ಅಡ್ಡಡ್ಡ ಎಳೆದಂತಾಗುತ್ತದೆ. ರಿಮೋಟಿನಲ್ಲಿ ಪರದೆಯ ಅಳತೆಯನ್ನು 4:3ಕ್ಕೆ ಬದಲಿಸಿ, ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಅದು ಹಾಗೆಯೇ ಇರಲಿ.