ಆನ್‌ಲೈನ್ ಪತ್ರಿಕಾ ಪ್ರಕಟಣೆ ಸೇವೆ: ಚನ್ನಪಟ್ಟಣದ ಗೊಂಬೆ ಅಂಗಡಿಯ ಅನುಭವ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಹೆಚ್ಚಿನ ವಾಹನಗಳು ಚನ್ನಪಟ್ಟಣದ ಒಳಗೆ ಬಾರದೆ ಬೈಪಾಸ್‌ನಲ್ಲೇ ಸಾಗುತ್ತಿವೆ. ಹಳೆಯ ರಸ್ತೆಯ ಬದಿಯಲ್ಲಿರುವ ನಮ್ಮ ಗೊಂಬೆ ಅಂಗಡಿ ನಡೆಯುತ್ತಿದ್ದುದೇ ಕಾಫಿಗೆಂದು ಗಾಡಿ ನಿಲ್ಲಿಸಿ, ಮಗುವಿಗೊಂದು ಗಿಲಕಿ ಕೊಳ್ಳುತ್ತಿದ್ದ ಪ್ರಯಾಣಿಕರಿಂದ. ಅವರು ಬರುವುದು ಕಡಿಮೆಯಾದಾಗ, ನಾವೇ ಗಿರಾಕಿಗಳನ್ನು ತಲುಪಬೇಕೆಂದು ಆನ್‌ಲೈನ್ ಪತ್ರಿಕಾ ಪ್ರಕಟಣೆಗಳನ್ನು ಹಂಚುವ ಸೇವೆಯೊಂದಕ್ಕೆ ಹಣ ಕಟ್ಟಿ, ಎರಡು ಪ್ರಕಟಣೆಗಳನ್ನು ಹೊರಡಿಸಿದೆವು.

ಪತ್ರಿಕಾ ಪ್ರಕಟಣೆ ಹೊಸ ಸಂಗತಿಯಲ್ಲ. 1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ನಡೆದ ರೈಲು ಅಪಘಾತದ ವಿವರಗಳನ್ನು ಸಾರ್ವಜನಿಕ ಸಂಪರ್ಕ ಸಲಹೆಗಾರ ಐವಿ ಲೀ ಅವರು ರೈಲ್ವೆ ಕಂಪನಿಯ ಪರವಾಗಿ ಪತ್ರಿಕೆಗಳಿಗೆ ಬರೆದು ಕೊಟ್ಟದ್ದನ್ನು ಇದರ ಆರಂಭವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆಗ ಪ್ರಕಟಣೆಗೂ ಓದುಗನಿಗೂ ನಡುವೆ ಸಂಪಾದಕರಿರುತ್ತಿದ್ದರು. ಈಗ ಅದೇ ಬರಹ ಜಾಲತಾಣದಲ್ಲಿ ನೇರವಾಗಿ ಪ್ರಕಟವಾಗುತ್ತದೆ; ಗೂಗಲ್‌ನಲ್ಲಿ ಹುಡುಕಿದವರು ಯಾರ ಮಧ್ಯಸ್ಥಿಕೆಯೂ ಇಲ್ಲದೆ ಓದುತ್ತಾರೆ. ಈ ವ್ಯತ್ಯಾಸವನ್ನು ಅರಿಯದೆ ಮೊದಲ ಪ್ರಕಟಣೆಯನ್ನು ನಾವು ಸಂಪಾದಕರಿಗೆಂದೇ ಬರೆದೆವು. ಪರಂಪರೆ, ಹೆಮ್ಮೆ, ವಿಶ್ವದರ್ಜೆ ಎಂಬ ಮಾತುಗಳೇ ಅದರಲ್ಲಿ ತುಂಬಿದ್ದವು. ನೂರಾರು ತಾಣಗಳಲ್ಲಿ ಪ್ರಕಟವಾಗಿದೆ ಎಂಬ ವರದಿ ಕೈಸೇರಿತು, ಆದರೆ ಅದನ್ನು ಓದಿ ಕರೆ ಮಾಡಿದವರು ಒಬ್ಬರೂ ಇರಲಿಲ್ಲ. ವರದಿಯಲ್ಲಿದ್ದ ಕೊಂಡಿಗಳನ್ನು (ಲಿಂಕ್‌ಗಳನ್ನು) ಒಂದೊಂದಾಗಿ ತೆರೆದು ನೋಡಿದಾಗ, ಬಹುಪಾಲು ತಾಣಗಳಲ್ಲಿ ಅದು ಮುಖಪುಟದಿಂದ ತಲುಪಲಾಗದ ಮೂಲೆಯಲ್ಲಿತ್ತು.

ಎರಡನೆಯದನ್ನು ಬೇರೆ ರೀತಿಯಲ್ಲಿ ಬರೆದೆವು. ಅಂಗಡಿಗೆ ಬರುವ ತಾಯಂದಿರು ಕೇಳುವ ಪ್ರಶ್ನೆಗಳನ್ನು ಒಂದು ವಾರ ಚೀಟಿಯಲ್ಲಿ ಗುರುತು ಹಾಕಿಕೊಂಡು, ಅವುಗಳಿಗೆ ಉತ್ತರವನ್ನಷ್ಟೇ ಬರೆದೆವು: ಗೊಂಬೆ ಯಾವ ಮರದ್ದು, ಮಗು ಬಾಯಿಗಿಟ್ಟರೆ ಬಣ್ಣ ಬಿಡುತ್ತದೆಯೇ, ಮನೆಗೆ ಕಳುಹಿಸುತ್ತೀರಾ. ಲೇತಿನಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ ಎಂದು ನಾಲ್ಕು ಸಾಲು ಬರೆದು, ಕೆಲಸ ಮಾಡುತ್ತಿರುವ ಕೈಗಳ ಚಿತ್ರವನ್ನೂ ಅಂಗಡಿಯ ಫೋನ್ ಸಂಖ್ಯೆಯನ್ನೂ ಸೇರಿಸಿದೆವು. ಈ ಬಾರಿ ಕರೆಗಳು ಬಂದವು. ಕರೆ ಮಾಡಿದವರಲ್ಲಿ ಹಲವರು ಮೊದಲು ಕೇಳಿದ್ದು ಆ ಕೇದಗೆ ಗರಿಯ ಬಗ್ಗೆ.

ಸೇವೆಯ ದೋಷಗಳನ್ನೂ ಹೇಳಬೇಕು. ನಾವು ಕೊಟ್ಟ ಬರಹಕ್ಕೆ ಅವರ ಕಡೆಯವರು ನಮ್ಮನ್ನು ಕೇಳದೆ "ಶೇಕಡ 100ರಷ್ಟು ವಿಷರಹಿತ" ಎಂಬ ಮಾತನ್ನು ಸೇರಿಸಿದ್ದರು. ಪ್ರಯೋಗಾಲಯದ ಪ್ರಮಾಣಪತ್ರ ಕೈಯಲ್ಲಿಲ್ಲದೆ ಮಕ್ಕಳ ವಸ್ತುವಿನ ವಿಷಯದಲ್ಲಿ ಹಾಗೆ ಹೇಳುವುದು ತಪ್ಪು. ನನಗೆ ಅತ್ಯಂತ ನೋವು ತಂದದ್ದು ಇದೇ. ಅವರು ತಮ್ಮ ತಾಣದಲ್ಲಿ ಅದೇ ದಿನ ತಿದ್ದಿದರೂ, ಹಂಚಿಹೋದ ಪ್ರತಿಗಳಲ್ಲಿ ಆ ಸಾಲು ಎಷ್ಟೋ ದಿನ ಹಾಗೇ ಉಳಿಯಿತು. ಕನ್ನಡ ಪ್ರತಿಯಲ್ಲಿ ಒತ್ತಕ್ಷರಗಳು ಒಡೆದು ಚೌಕಗಳಾಗಿದ್ದವು; ಅದನ್ನು ಹಿಂತೆಗೆದುಕೊಂಡು ನಮ್ಮದೇ ತಾಣದಲ್ಲಿ ಹಾಕಿಕೊಂಡೆವು.

ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಸಿಗುವ ಕೊಂಡಿಗಳ ಆಸೆಗೆ ದೊಡ್ಡ ಪ್ಯಾಕೇಜ್ ಕೊಳ್ಳುವ ಅಗತ್ಯವಿಲ್ಲ. ಹುಡುಕಾಟದಲ್ಲಿ ಮೇಲೆ ಬರಲೆಂದು ಪ್ರಕಟಣೆಗಳಲ್ಲಿ ತುರುಕಿದ ಕೊಂಡಿಗಳನ್ನು ಗೂಗಲ್ 2013ರಲ್ಲೇ ತನ್ನ ನಿಯಮಗಳಿಗೆ ವಿರುದ್ಧವಾದವುಗಳ ಸಾಲಿಗೆ ಸೇರಿಸಿದೆ. ಹೇಳಲು ನಿಜವಾದ ಸುದ್ದಿಯಿದ್ದು, ಅದನ್ನು ಕೊಳ್ಳುವವರ ಭಾಷೆಯಲ್ಲಿ ಬರೆಯಬಲ್ಲ ಸಣ್ಣ ವ್ಯಾಪಾರಿಗಳಿಗೆ ಅತಿ ಕಡಿಮೆ ದರದ ಯೋಜನೆಯೇ ಸಾಕು.

ವಾರ್ಷಿಕ ಯೋಜನೆ ಬೇಡವೆಂದು ತಿಳಿಸಿದ್ದೇವೆ. ದಸರೆಗೆ ಮನೆಮನೆಯಲ್ಲಿ ಗೊಂಬೆ ಕೂರಿಸುವ ಮೊದಲು ಇನ್ನೊಂದು ಪ್ರಕಟಣೆ ಹೊರಡಿಸುತ್ತೇವೆ. ಅಂತಿಮ ಕರಡನ್ನು ನಾವು ಓದಿ ಲಿಖಿತವಾಗಿ ಒಪ್ಪುವವರೆಗೆ ಅದನ್ನು ಎಲ್ಲಿಗೂ ಕಳುಹಿಸಕೂಡದೆಂಬ ಷರತ್ತಿಗೆ ಅವರು ಒಪ್ಪಿದ್ದಾರೆ.