ಒಂದು ಬ್ಯಾಟರಿ, ಮೂರು ರಾತ್ರಿ, ಮೂರು ಬಗೆಯ ದಾಖಲೆ

ಬೆಳಗಿನ ಜಾವ ಮೂರಕ್ಕೆ ಇನ್ವರ್ಟರ್ ಕೂಗತೊಡಗಿದರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಎಂದು ಬಂದವರೆಲ್ಲ ಹೇಳಿದರು. ನನಗೆ ಅಷ್ಟು ಸುಲಭಕ್ಕೆ ದುಡ್ಡು ಬಿಚ್ಚುವ ಮನಸ್ಸಿರಲಿಲ್ಲ. ಮನೆ ಬ್ಯಾಟರಿಯ ಮೇಲೇ ನಡೆಯಲೆಂದು ಗೋಡೆಯಿಂದ ಇನ್ವರ್ಟರಿನ ಪ್ಲಗ್ ಕಿತ್ತು, ಮೆಟ್ಟಿಲ ಕೆಳಗಿನ ಬ್ಯಾಟರಿಗೆ, ಅಳತೆಯನ್ನು ಫೋನಿಗೆ ಕಳಿಸಬಲ್ಲ ಬ್ಲೂಟೂತ್ ಮಲ್ಟಿಮೀಟರಿನ ಕ್ಲಿಪ್ಪುಗಳನ್ನು ಕಚ್ಚಿಸಿ, ರಾತ್ರಿಯಿಡೀ ವೋಲ್ಟೇಜ್ ದಾಖಲಿಸಲು ಕುಳಿತೆ.

ಮೊದಲ ರಾತ್ರಿ ಫೋನಿನ ಆ್ಯಪ್. ಸೆಕೆಂಡಿಗೊಂದು ರೀಡಿಂಗ್, ಕಣ್ಣೆದುರೇ ಏರಿಳಿಯುವ ಗೆರೆ. ನೋಡುತ್ತಾ ಕೂರಲು ಇದಕ್ಕಿಂತ ಚೆಂದದ್ದಿಲ್ಲ. ಕೂರಲಾಗದೆ ಮಲಗಿದ್ದೇ ತಪ್ಪಾಯಿತು. ತನ್ನ ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಫೋನು ಆ್ಯಪನ್ನೂ ಮಲಗಿಸಿತ್ತು. ಬೆಳಿಗ್ಗೆ ಫೈಲ್ ತೆರೆದರೆ 1:12ಕ್ಕೆ ಮುಗಿದಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆದರೆ ಇದು ತಪ್ಪುತ್ತದೆ. ಆದರೆ ಫೋನನ್ನು ಎರಡು ಗೋಡೆ ಆಚೆಯ ಕೋಣೆಗೆ ಒಯ್ದರೆ ಸಂಪರ್ಕವೇ ಕಡಿಯುತ್ತದೆ. ಅಂದರೆ ಫೋನೂ ಮೆಟ್ಟಿಲ ಕೆಳಗೇ ಮಲಗಬೇಕು.

ಎರಡನೆಯ ರಾತ್ರಿ ಮೀಟರಿನದೇ ಮೆಮೊರಿ. ಫೋನಿನ ಹಂಗಿಲ್ಲ. ನನ್ನ ಮೀಟರಿನಲ್ಲಿ ಹತ್ತು ಸಾವಿರ ರೀಡಿಂಗ್ ಹಿಡಿಯುತ್ತದೆ. ದೊಡ್ಡ ಸಂಖ್ಯೆ ಎನಿಸುತ್ತದೆ, ಆದರೆ ಸೆಕೆಂಡಿಗೊಂದರಂತೆ 2 ಗಂಟೆ 46 ನಿಮಿಷಕ್ಕೆ ಖಾಲಿ. ಐದು ಸೆಕೆಂಡಿಗೊಂದು ಎಂದರೆ 13 ಗಂಟೆ 53 ನಿಮಿಷ ಬರುತ್ತದೆ, ರಾತ್ರಿಗೆ ಧಾರಾಳ. ಹಾಗೆಯೇ ಇಟ್ಟೆ. ಅರ್ಧ ಗಂಟೆಯಲ್ಲಿ ಮೀಟರ್ ತಾನಾಗಿ ಆರಿಹೋಯಿತು! ಆನ್ ಮಾಡುವಾಗ ಒಂದು ಗುಂಡಿ ಒತ್ತಿ ಹಿಡಿದರೆ ಈ ಗುಣ ನಿಲ್ಲುತ್ತದೆಂದು ಕೈಪಿಡಿಯಲ್ಲಿ ಹುಡುಕಿ ಮತ್ತೆ ಶುರು ಮಾಡಿದೆ. ಬೆಳಿಗ್ಗೆ ಎಲ್ಲವನ್ನೂ ಫೋನಿಗೆ ಇಳಿಸಿಕೊಳ್ಳುವಷ್ಟರಲ್ಲಿ ಕಾಫಿ ಆರಿತ್ತು. ಇನ್ನೊಂದು ಸಂಗತಿ: ಇದರಲ್ಲಿ ಇರುವುದು ಒಂದೇ ದಾಖಲೆಗೆ ಜಾಗ. ಇಳಿಸಿಕೊಳ್ಳದೆ ಹೊಸದನ್ನು ಶುರು ಮಾಡಿದರೆ ಹಳೆಯದು ಹೋದಂತೆಯೇ.

ಮೂರನೆಯ ರಾತ್ರಿಗೆ ಗೆಳೆಯರೊಬ್ಬರಿಂದ ಮೆಮೊರಿ ಕಾರ್ಡ್ ಹಾಕುವ ಮೀಟರ್ ತಂದೆ. ಸೆಕೆಂಡಿಗೊಂದರಂತೆ ಹತ್ತು ಗಂಟೆ, 36,000 ಸಾಲು, ಒಂದೂ ತಪ್ಪಿಲ್ಲ. ಕಾರ್ಡ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿದರೆ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಫೈಲ್ ಸಿದ್ಧ. ಕೊರತೆ ಎಂದರೆ, ಮೀಟರಿನ ಸೆಲ್ ಬದಲಿಸಿದ್ದರಿಂದ ಅದರ ಗಡಿಯಾರ 2000ನೇ ಇಸವಿಗೆ ಹೋಗಿ ಕುಳಿತಿತ್ತು. ಶುರು ಮಾಡಿದ ಗಂಟೆಯನ್ನು ಚೀಟಿಯಲ್ಲಿ ಬರೆದಿಟ್ಟದ್ದರಿಂದ ಬಚಾವಾದೆ.

ಫೈಲ್ ಕೈಗೆ ಬಂದ ಮೇಲಿನ ರಗಳೆ ಮೂರಕ್ಕೂ ಒಂದೇ. ಲಾಗ್1, ಲಾಗ್2 ಎಂಬ ಹೆಸರುಗಳಿಂದ ವಾರದ ನಂತರ ಏನೂ ತಿಳಿಯುವುದಿಲ್ಲ. ಈಗ ನಾನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ, ಮುಂದೆ ‘ಇನ್ವರ್ಟರ್-ಫ್ಯಾನ್2’ ಎಂದು ಸೇರಿಸುತ್ತೇನೆ. ತಾನಾಗಿ ಸಾಲಾಗಿ ನಿಲ್ಲುತ್ತವೆ. ಮೂಲ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದಿಲ್ಲ, ಪ್ರತಿಯಲ್ಲೇ ಕೆಲಸ. ಮೂರನೇ ತಿಂಗಳ ನಾಲ್ಕನೇ ತಾರೀಖನ್ನು ಅದು ನಾಲ್ಕನೇ ತಿಂಗಳ ಮೂರನೇ ತಾರೀಖಾಗಿ ಓದಿ ಒಮ್ಮೆ ಕಾಡಿಸಿದೆ. ಅಳತೆಗೆ ತಕ್ಕಂತೆ ಮೀಟರ್ ತಾನೇ ಮಾಪನ ಬದಲಿಸುವ ಆಟೋ ರೇಂಜ್ ಇನ್ನೂ ಕಿಲಾಡಿ. ಸಂಜೆ ಸೋಲಾರ್ ಫಲಕದ ವೋಲ್ಟೇಜ್ ಇಳಿಯುವುದನ್ನು ದಾಖಲಿಸಿದಾಗ 0.612ರ ಕೆಳಗಿನ ಸಾಲಿನಲ್ಲಿ 598.3 ಇತ್ತು. ಮೀಟರ್ ನಡುವೆಯೇ ವೋಲ್ಟಿನಿಂದ ಅದರ ಸಾವಿರದ ಒಂದು ಪಾಲಾದ ಮಿಲಿವೋಲ್ಟಿಗೆ ಇಳಿದಿತ್ತು. ಗ್ರಾಫ್ ಮಾತ್ರ ಮುಗಿಲಿಗೆ ನೆಗೆದಿತ್ತು. ಈಗ ರೇಂಜನ್ನು ಕೈಯಾರೆ ಕಟ್ಟಿಹಾಕುತ್ತೇನೆ.

ಪಕ್ಕದಲ್ಲೇ ನಿಂತು ನೋಡುವ ಹತ್ತು ನಿಮಿಷದ ಕೆಲಸಕ್ಕೆ ಫೋನು, ರಾತ್ರಿಗೆ ಕಾರ್ಡು. ಮೀಟರಿನ ಮೆಮೊರಿ ನನಗೆ ಒಗ್ಗಲಿಲ್ಲ. ಐದು ಸೆಕೆಂಡಿನ ದಾಖಲೆಯಲ್ಲಿ ವೋಲ್ಟೇಜ್ ಆಗಾಗ ಒಂದು ಮೆಟ್ಟಿಲು ಇಳಿದು, ಕಾಲು ಗಂಟೆಯ ನಂತರ ಏರುವುದಷ್ಟೇ ಕಂಡಿತ್ತು. ಕಾರ್ಡಿನ ದಾಖಲೆಯಲ್ಲಿ ಪ್ರತಿ ಮೆಟ್ಟಿಲಿನ ಶುರುವಿಗೆ ಒಂದೇ ಒಂದು ಸಾಲು 11.2ಕ್ಕೆ ಕುಸಿದು, ಮರುಸಾಲಿನಲ್ಲಿ 11.7ಕ್ಕೆ ಬಂದು ನಿಂತಿತ್ತು. ಮೋಟಾರು ಹೊರಡುವಾಗ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುವುದರ ಗುರುತು ಅದು. ಎದ್ದು ಹೋಗಿ ಅಡುಗೆಮನೆಯಲ್ಲಿ ನೋಡಿದರೆ, ಫ್ರಿಜ್‌ನ ಪ್ಲಗ್ ಇನ್ವರ್ಟರ್ ಲೈನಿನ ಸಾಕೆಟ್ಟಿನಲ್ಲಿತ್ತು.